ಕೈಗೆಟಕುವ ದರದ ಟಕೀಲಾ: ಗುಟುಕಿಗೆ ಯಾವುದು, ಬೆರಕೆಗೆ ಯಾವುದು

ಕಾರವಾರದ ವೈನ್‌ಶಾಪುಗಳಲ್ಲಿ ವಿಸ್ಕಿ, ರಮ್ಮುಗಳ ದೊಡ್ಡ ಸಾಲು ಮುಗಿದ ಮೇಲೆ ಒಂದು ಮೂಲೆಯಲ್ಲಿ ಮೂರ್ನಾಲ್ಕು ಬಾಟಲಿ ಟಕೀಲಾ ಕಾಣುತ್ತದೆ. ಒಂದು ನೀರಿನಂತೆ ಬಣ್ಣವಿಲ್ಲದ್ದು, ಪಕ್ಕದಲ್ಲಿ ಬಂಗಾರದ ಬಣ್ಣದ್ದು. ದರದಲ್ಲಿ ಹೆಚ್ಚು ಅಂತರವಿಲ್ಲ ಅಂದರೆ ಕೈ ಹೋಗುವುದು ಬಂಗಾರದ ಬಣ್ಣದ ಕಡೆಗೇ. ಬಣ್ಣ ಬಂದಿದೆ ಅಂದರೆ ಪೀಪಾಯಿಯಲ್ಲಿ ಕೂತಿದೆ, ಕೂತಿದೆ ಅಂದರೆ ಒಳ್ಳೆಯದು ಎಂಬ ಲೆಕ್ಕ ವಿಸ್ಕಿ ಕುಡಿದು ಬಂದದ್ದು. ಕಡಿಮೆ ದರದ ಟಕೀಲಾಕ್ಕೆ ಆ ಲೆಕ್ಕ ಹೊಂದುವುದಿಲ್ಲ. ಇಲ್ಲಿ ಬಣ್ಣವನ್ನು ಹೊರಗಿನಿಂದ ಸೇರಿಸಲು ಕಾನೂನಿನ ಅನುಮತಿಯೇ ಇದೆ.

ಹಾಗಾಗಿ ನನ್ನ ಸಲಹೆ ಇಷ್ಟು: ಬಣ್ಣವಿಲ್ಲದ ಬ್ಲಾಂಕೊದ ರುಚಿ ಮೊದಲು ಕಲಿಯಿರಿ. ಅದನ್ನು ಗುರುತಿಸುವ ನಾಲಿಗೆ ಬಂದ ಮೇಲೆ ಉಳಿದ ಬಗೆಗಳನ್ನು ಅಳೆಯುವುದು ಸುಲಭ, ದುಡ್ಡು ಹಾಳಾಗುವುದಿಲ್ಲ. ಅದಕ್ಕೊಂದು ಕ್ರಮವಿದೆ, ಮನೆಯಲ್ಲೇ ಮಾಡಬಹುದು.

ಹೆಜ್ಜೆ 1: ಬಾಟಲಿಯನ್ನು ಓದಿ

ಟಕೀಲಾ ತಯಾರಾಗುವುದು ನೀಲಿ ಅಗಾವೆ ಎಂಬ ಗಿಡದಿಂದ. ನಮ್ಮಲ್ಲಿ ಬೇಲಿಗೆ ಹಾಕುವ, ನಾರು ತೆಗೆಯುವ ಕತ್ತಾಳೆಯ ಬಳಗದ್ದೇ ಅದು. ಗಿಡ ಬಲಿಯಲು 6ರಿಂದ 8 ವರ್ಷ ಬೇಕು. ಎಲೆಗಳನ್ನೆಲ್ಲ ಕಡಿದು ಹಾಕಿ, ನಡುವಿನ ಭಾರವಾದ ಗಡ್ಡೆಯನ್ನು ಬೇಯಿಸಿ, ಹಿಂಡಿ, ಹುಳಿ ಬರಿಸಿ, ಕನಿಷ್ಠ ಎರಡು ಸಲ ಬಟ್ಟಿ ಇಳಿಸುತ್ತಾರೆ. ಮೆಕ್ಸಿಕೊದ ಹಲಿಸ್ಕೊ ರಾಜ್ಯ ಮತ್ತು ಇನ್ನು ನಾಲ್ಕು ರಾಜ್ಯಗಳ ಗೊತ್ತುಪಡಿಸಿದ ಪ್ರದೇಶದಲ್ಲಿ ತಯಾರಾದದ್ದಕ್ಕೆ ಮಾತ್ರ ಈ ಹೆಸರು. 1974ರಿಂದ ಅದಕ್ಕೆ ಮೂಲಸ್ಥಾನದ ಕಾನೂನು ರಕ್ಷಣೆ ಇದೆ.

ಲೇಬಲ್ಲಿನಲ್ಲಿ ಮೊದಲು ಹುಡುಕಬೇಕಾದದ್ದು ‘100% ಅಗಾವೆ’ ಎಂಬ ಮಾತು. ಅದು ಇದ್ದರೆ ಹುಳಿ ಬರಿಸಿದ ಸಕ್ಕರೆಯಂಶ ಪೂರ್ತಿ ಗಿಡದ್ದು. ಆ ಮಾತು ಎಲ್ಲೂ ಇಲ್ಲದೆ ಬರೀ ‘ಟಕೀಲಾ’ ಎಂದಿದ್ದರೆ ಅದು ಮಿಶ್ರ ಬಗೆ. ವ್ಯಾಪಾರದವರು ಇದನ್ನು ಮಿಕ್ಸ್ಟೊ ಎನ್ನುತ್ತಾರೆ. ಇದರಲ್ಲಿ ಅಗಾವೆಯ ಸಕ್ಕರೆ ಕನಿಷ್ಠ ಶೇ 51 ಇದ್ದರೆ ಸಾಕು, ಉಳಿದ ಶೇ 49ರವರೆಗೆ ಕಬ್ಬಿನ ಸಕ್ಕರೆಯೋ ಮೆಕ್ಕೆಜೋಳದ ಸಿರಪ್ಪೋ ಇರಬಹುದು. ಮಿಶ್ರ ಬಗೆಯನ್ನು ದೊಡ್ಡ ಟ್ಯಾಂಕಿನಲ್ಲಿ ಬೇರೆ ದೇಶಕ್ಕೆ ಕಳಿಸಿ ಅಲ್ಲಿ ಬಾಟಲಿಗೆ ತುಂಬಬಹುದು. 100% ಅಗಾವೆಯದ್ದನ್ನು ಆ ಪ್ರದೇಶದೊಳಗೇ ತುಂಬಬೇಕು.

ಎರಡನೆಯದು ಎನ್‌ಒಎಂ ಎಂಬ ಅಕ್ಷರಗಳ ಜೊತೆಗಿನ ನಾಲ್ಕಂಕಿಯ ಸಂಖ್ಯೆ. ಇದು ಯಾವ ಕಾರ್ಖಾನೆಯಲ್ಲಿ ತಯಾರಾಯಿತು ಎಂಬುದರ ಗುರುತು. ಕಡಿಮೆ ದುಡ್ಡಿನವರಿಗೆ ಇದಕ್ಕಿಂತ ಉಪಯೋಗದ ಮಾಹಿತಿ ಬಾಟಲಿಯ ಮೇಲೆ ಇನ್ನೊಂದಿಲ್ಲ. ಎಲ್ ಹಿಮಾದೋರ್ ಬಾಟಲಿಯ ಮೇಲೂ ಅದಕ್ಕಿಂತ ದುಬಾರಿಯಾದ ಎರ್ರದೂರಾದ ಮೇಲೂ 1119 ಎಂದೇ ಇರುತ್ತದೆ, ಎರಡೂ ಒಂದೇ ಮನೆಯವು. ಹೋಸೆ ಕುಯೆರ್ವೊ ಮತ್ತು 1800 ಎಂಬ ಬ್ರ್ಯಾಂಡ್ ಎರಡಕ್ಕೂ 1122. ಒಂದೇ ಮನೆಯ ಮಾಲೆಂದರೆ ಒಂದೇ ರುಚಿ ಎಂದಲ್ಲ. ಆದರೆ ದೊಡ್ಡ ಹೆಸರಿನ ಮನೆಯ ಸಣ್ಣ ದರದ ಬಾಟಲಿಯನ್ನು ಹುಡುಕಲು ಈ ಸಂಖ್ಯೆ ದಾರಿ ತೋರಿಸುತ್ತದೆ.

ಜೊತೆಗೆ ಕರ್ನಾಟಕ ಅಬಕಾರಿ ಇಲಾಖೆಯ ಲೇಬಲ್ ಮುಚ್ಚಳದ ಮೇಲೆ ಸರಿಯಾಗಿ ಇದೆಯೇ ನೋಡಿಕೊಳ್ಳಿ. ಟಕೀಲಾ ನಿಧಾನವಾಗಿ ಖರ್ಚಾಗುವ ಮಾಲು. ಬಿಸಿಲು ಬೀಳುವ ಶೋಕೇಸಿನಲ್ಲಿ ಬಹಳ ದಿನ ನಿಂತ ಬಾಟಲಿ ಬೇಡ, ಒಳಗಿನಿಂದ ಬೇರೆ ತೆಗೆದುಕೊಡಿ ಎಂದು ಕೇಳಿ.

ಹೆಜ್ಜೆ 2: ಬಗೆಗಳನ್ನು ತಿಳಿಯಿರಿ

ಬ್ಲಾಂಕೊ, ಅಥವಾ ಪ್ಲಾತಾ, ಅಥವಾ ಸಿಲ್ವರ್: ಬಟ್ಟಿ ಇಳಿಸಿದ ಮೇಲೆ ಪೀಪಾಯಿಗೆ ಹೋಗದೆ, ಅಥವಾ ಎರಡು ತಿಂಗಳೊಳಗೇ ಹೊರಬಂದದ್ದು. ಬೆಂದ ಅಗಾವೆಯ ವಾಸನೆ ಇದರಲ್ಲೇ ನೇರವಾಗಿ ಸಿಗುವುದು; ಕೆಂಡದಲ್ಲಿ ಸುಟ್ಟ ಗೆಣಸನ್ನು ಬಿಡಿಸಿದಾಗ ಬರುವ ಸಿಹಿ ವಾಸನೆಗೆ ಅದು ಬಹಳ ಹತ್ತಿರ. ಅದರ ಹಿಂದೆ ಕಾಳುಮೆಣಸಿನ ಖಾರ, ನಿಂಬೆಸಿಪ್ಪೆ, ಕೆಲವದರಲ್ಲಿ ಹಸಿ ಹುಲ್ಲು. ಮರದ ಮರೆ ಇಲ್ಲದ್ದರಿಂದ ತಯಾರಿಕೆಯ ದೋಷವೂ ಗುಣವೂ ಬ್ಲಾಂಕೊದಲ್ಲಿ ಬಯಲಾಗುತ್ತವೆ. ಮೊದಲು ಇದನ್ನೇ ಕಲಿಯಿರಿ ಎಂದದ್ದು ಇದಕ್ಕಾಗಿ.

ರೆಪೊಸಾದೊ: ಓಕ್ ಮರದಲ್ಲಿ ಕನಿಷ್ಠ ಎರಡು ತಿಂಗಳು ಕೂತದ್ದು. ಅಮೆರಿಕದ ಬೂರ್ಬನ್ ವಿಸ್ಕಿಗೆ ಬಳಸಿ ಬಿಟ್ಟ ಪೀಪಾಯಿಗಳನ್ನೇ ಹೆಚ್ಚಾಗಿ ಬಳಸುವುದರಿಂದ ವೆನಿಲಾ, ದಾಲ್ಚಿನ್ನಿಯ ನೆನಪು ಬರುತ್ತದೆ. ಸಂಜೆ ನಿಧಾನವಾಗಿ ಗುಟುಕರಿಸಲು ಕಡಿಮೆ ದರದಲ್ಲಿ ಸಿಗುವ ಅತಿ ಒಳ್ಳೆಯ ಬಗೆ ಇದೇ ಎಂದು ನನ್ನ ಅಭಿಪ್ರಾಯ.

ಆನ್ಯೆಹೊ: 600 ಲೀಟರಿಗೆ ಮೀರದ ಪೀಪಾಯಿಯಲ್ಲಿ ಕನಿಷ್ಠ ಒಂದು ವರ್ಷ. ಮೂರು ವರ್ಷ ದಾಟಿದ ಎಕ್ಸ್ಟ್ರಾ ಆನ್ಯೆಹೊ ಎಂಬ ವರ್ಗ 2006ರಲ್ಲಿ ಬಂತು. ಇವೆರಡೂ ನಮ್ಮ ದರದ ಮಾತಲ್ಲ. ಪೀಪಾಯಿಯಲ್ಲಿ ಕೂತಷ್ಟೂ ಆವಿಯಾಗಿ ನಷ್ಟವಾಗುತ್ತದೆ, ಆ ನಷ್ಟ ದರದಲ್ಲಿ ಸೇರಲೇಬೇಕು. ಆನ್ಯೆಹೊ ಎಂದು ಬರೆದೂ ತೀರಾ ಅಗ್ಗವಿದ್ದರೆ ಆ ದುಡ್ಡಿಗೆ ಒಳ್ಳೆಯ ರೆಪೊಸಾದೊ ತನ್ನಿ.

ಗೋಲ್ಡ್: ಬಂಗಾರದ ಬಣ್ಣದ ಈ ಬಗೆ ಹೆಚ್ಚಾಗಿ ಮಿಶ್ರ ಟಕೀಲಾ. ಬಣ್ಣ ಬರುವುದು ಕ್ಯಾರಮೆಲ್‌ನಿಂದ, ಇಲ್ಲವೇ ಸ್ವಲ್ಪ ಹಳೆಯದನ್ನು ಬೆರೆಸಿದ್ದರಿಂದ. ಕ್ಯಾರಮೆಲ್ ಬಣ್ಣ, ಓಕ್ ಸಾರ, ಗ್ಲಿಸರಿನ್, ಸಕ್ಕರೆ ಪಾಕ ಈ ನಾಲ್ಕನ್ನೂ ಸಣ್ಣ ಪ್ರಮಾಣದಲ್ಲಿ, ಒಟ್ಟು ತೂಕದ ಶೇ 1ರೊಳಗೆ, ಸೇರಿಸಲು ಮೆಕ್ಸಿಕೊದ ನಿಯಮ ಬಿಡುತ್ತದೆ. 100% ಅಗಾವೆಯ ರೆಪೊಸಾದೊ, ಆನ್ಯೆಹೊಗಳಿಗೂ ಈ ಅವಕಾಶವಿದೆ ಎಂಬುದು ನೆನಪಿರಲಿ.

ಇನ್ನೊಂದು ಭೇದ ಬೇಯಿಸುವ ರೀತಿಯಲ್ಲಿ. ಇಟ್ಟಿಗೆಯ ಒಲೆಯಲ್ಲಿ ಎರಡು ಮೂರು ದಿನ ನಿಧಾನವಾಗಿ ಬೆಂದದ್ದರ ಸಿಹಿ ಗಾಢ. ಆಟೋಕ್ಲೇವ್ ಎಂಬ ದೊಡ್ಡ ಉಕ್ಕಿನ ಪ್ರೆಶರ್ ಪಾತ್ರೆಯಲ್ಲಿ ಅದೇ ಕೆಲಸ ಕೆಲವೇ ಗಂಟೆಗಳಲ್ಲಿ ಮುಗಿಯುತ್ತದೆ, ರುಚಿ ಸ್ವಲ್ಪ ತಿಳಿಯಾಗುತ್ತದೆ. ಡಿಫ್ಯೂಸರ್ ಎಂಬ ಯಂತ್ರ ಹಸಿ ಗಡ್ಡೆಯಿಂದಲೇ ಬಿಸಿನೀರು ಹಾಯಿಸಿ ಸಕ್ಕರೆಯಂಶ ತೆಗೆಯುತ್ತದೆ. ಅದು ಅಗ್ಗ, ಆದರೆ ಗಿಡದ ವಾಸನೆ ಬಹಳ ಮಟ್ಟಿಗೆ ಹೋಗಿಬಿಡುತ್ತದೆ. ಲೇಬಲ್ಲಿನ ಹಿಂದೆ ಇಟ್ಟಿಗೆ ಒಲೆಯ ಮಾತಿದ್ದರೆ ಆ ಬಾಟಲಿಗೆ ನೂರಿನ್ನೂರು ಹೆಚ್ಚು ಕೊಡಬಹುದು.

ನೆಲದ ಭೇದವೂ ಇದೆ. ಹಲಿಸ್ಕೊದ ಎತ್ತರದ ಕೆಂಪು ಮಣ್ಣಿನ ಅಗಾವೆಯದು ಹಣ್ಣು, ಹೂವಿನ ಸಿಹಿ ಕಡೆಗೆ ವಾಲುತ್ತದೆ. ಟಕೀಲಾ ಪಟ್ಟಣದ ಸುತ್ತಿನ ತಗ್ಗಿನದು ಮಣ್ಣು, ಮೆಣಸಿನ ಕಡೆಗೆ. ಎಲ್ಲ ಬಾಟಲಿಗೂ ಇದು ಹೊಂದುವುದಿಲ್ಲ, ಹೋಲಿಸುವಾಗ ಮನಸ್ಸಿನಲ್ಲಿರಲಿ ಅಷ್ಟೇ.

ಹೆಜ್ಜೆ 3: ಕೊಳ್ಳುವ ಲೆಕ್ಕ

750 ಎಂ.ಎಲ್. ಬಾಟಲಿಯಲ್ಲಿ 30 ಎಂ.ಎಲ್.ನ 25 ಪೆಗ್ ಬರುತ್ತದೆ. ಬೆರಕೆಗೆ, ಅಂದರೆ ಕಾಕ್‌ಟೇಲಿಗೆ, 45 ಎಂ.ಎಲ್. ಬಳಸಿದರೆ ಸುಮಾರು 16 ಗ್ಲಾಸು. ಬಾಟಲಿಯ ಎಂಆರ್‌ಪಿಯನ್ನು 25ರಿಂದ ಭಾಗಿಸಿ, ಎರಡು ಬಾಟಲಿಗಳ ಅಂತರವನ್ನು ಪೆಗ್ಗಿನ ಲೆಕ್ಕದಲ್ಲಿ ನೋಡಿ. ಮಿಶ್ರ ಬಗೆಗೂ 100% ಅಗಾವೆಗೂ ನಡುವೆ 500 ರೂಪಾಯಿ ಅಂತರ ಇದ್ದರೆ ಪೆಗ್ಗಿಗೆ 20 ರೂಪಾಯಿ ಹೆಚ್ಚು. ಗುಟುಕರಿಸಲು ಬೇಕು ಎನ್ನುವವರಿಗೆ ಆ 20 ರೂಪಾಯಿ ಕೊಡುವುದೇ ಸರಿ. ಶೇಕಡಾವಾರು ಮದ್ಯಸಾರವನ್ನೂ ನೋಡಿ: ಒಂದು ಬಾಟಲಿ 38 ಇದ್ದು ಇನ್ನೊಂದು 40 ಇದ್ದರೆ, ಅಷ್ಟರ ಮಟ್ಟಿಗೆ ಮೊದಲನೆಯದರಲ್ಲಿ ನೀರು ಹೆಚ್ಚು.

ಮೂವರು ನಾಲ್ವರು ಸೇರಿ ಮೂರು ಬಾಟಲಿ ತನ್ನಿ: ಒಂದು ಮಿಶ್ರ ಸಿಲ್ವರ್, ಒಂದು 100% ಅಗಾವೆ ಬ್ಲಾಂಕೊ, ಒಂದು 100% ಅಗಾವೆ ರೆಪೊಸಾದೊ. ಸಾಧ್ಯವಾದರೆ ಎರಡನೆಯದೂ ಮೂರನೆಯದೂ ಒಂದೇ ಬ್ರ್ಯಾಂಡಿನದಿರಲಿ. ಆಗ ಮರ ಮಾಡಿದ ವ್ಯತ್ಯಾಸ ಮಾತ್ರ ಬೇರೆಯಾಗಿ ಕಾಣುತ್ತದೆ.

ಗೋವಾದ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ಗಡಿಯ ಪೋಳೆಂ ದಾಟಿದರೆ ಅದೇ ಬಾಟಲಿ ಅಗ್ಗ ಎಂಬುದು ಕಾರವಾರದವರಿಗೆಲ್ಲ ಗೊತ್ತು. ಆದರೆ ಪರ್ಮಿಟ್ ಇಲ್ಲದೆ ಅದನ್ನು ಈಚೆ ತರುವುದು ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಅಪರಾಧ. ಮಾಜಾಳಿಯ ತನಿಖಾ ಠಾಣೆಯಲ್ಲಿ ಬಸ್ಸು ಹತ್ತಿಯೂ ಬ್ಯಾಗು ನೋಡುತ್ತಾರೆ. ಗೋವಾದ ಅಗ್ಗದ ದರವನ್ನು ಬೇರೆ ರೀತಿಯಲ್ಲಿ ಉಪಯೋಗಿಸಿಕೊಳ್ಳಿ. ಕಾಣಕೋಣ, ಪಾಳೊಳೆಂ ಕಡೆಯ ಬಾರುಗಳಲ್ಲಿ ನಮ್ಮಲ್ಲಿಗಿಂತ ಹೆಚ್ಚು ಬಗೆ ಪೆಗ್ಗಿನ ಲೆಕ್ಕದಲ್ಲಿ ಸಿಗುತ್ತದೆ. ಬಸ್ಸಿನಲ್ಲಿ ಹೋಗಿ, 30 ಎಂ.ಎಲ್. ಅಲ್ಲೇ ರುಚಿ ನೋಡಿ, ಹೆಸರು ಮತ್ತು ಎನ್‌ಒಎಂ ಸಂಖ್ಯೆ ಬರೆದುಕೊಂಡು, ಬಸ್ಸಿನಲ್ಲೇ ಬನ್ನಿ. ಪೂರ್ತಿ ಬಾಟಲಿಯನ್ನು ಕಾರವಾರದಲ್ಲೋ ಶಿರಸಿಯಲ್ಲೋ ಬಿಲ್ಲು ಪಡೆದು ಕೊಳ್ಳಿ.

ಭಾರತದ್ದೇ ಅಗಾವೆ ಮದ್ಯವೂ ಇದೆ. ಡೆಸ್ಮಂಡ್ ನಜರೆತ್ ಅವರು ದಖ್ಖನ್ ಪ್ರಸ್ಥಭೂಮಿಯ ಕತ್ತಾಳೆಯಿಂದ ತಯಾರಿಸಿದ ಡೆಸ್ಮಂಡ್‌ಜಿ ಈ ದಾರಿಯಲ್ಲಿ ಮೊದಲಿನದು. ಆಮೇಲೆ ಪಿಸ್ತೋಲಾ ಬಂತು. ಗಿಡದ ಜಾತಿಯೂ ನೆಲವೂ ಬೇರೆ ಆದ್ದರಿಂದ ಇವಕ್ಕೆ ಟಕೀಲಾ ಎಂಬ ಹೆಸರಿಲ್ಲ. ಹೋಲಿಕೆಯಲ್ಲಿ ನಾಲ್ಕನೆಯ ಗ್ಲಾಸಾಗಿ ಇಡಲು ಬಹಳ ಯೋಗ್ಯ. ಹಸಿರು ವಾಸನೆ ಹೆಚ್ಚು, ಬೆರಕೆಗೆ ಚೆನ್ನಾಗಿ ಒಗ್ಗುತ್ತದೆ.

ಹೆಜ್ಜೆ 4: ರುಚಿ ನೋಡುವ ಕ್ರಮ

ಕರಾವಳಿಯ ಸೆಕೆ ಇಲ್ಲಿ ದೊಡ್ಡ ತೊಂದರೆ. ಏಪ್ರಿಲ್ ಸಂಜೆಯ ಬಿಸಿಗೆ ಗ್ಲಾಸಿನಿಂದ ಸ್ಪಿರಿಟ್ಟಿನ ಘಾಟೇ ಮೊದಲು ಎದ್ದು ಮೂಗನ್ನು ಮುಚ್ಚಿಬಿಡುತ್ತದೆ, ಒಳ್ಳೆಯ ಬ್ಲಾಂಕೊ ಕೂಡ ಒರಟಾಗಿ ಕಾಣುತ್ತದೆ. ಬಾಟಲಿಗಳನ್ನು ಅರ್ಧ ಗಂಟೆ ಫ್ರಿಜ್ಜಿನ ಕೆಳಗಿನ ಭಾಗದಲ್ಲಿಟ್ಟು ತೆಗೆಯಿರಿ. ಫ್ರೀಜರ್ ಬೇಡ, ಅಷ್ಟು ತಣ್ಣಗಾದರೆ ಒಳ್ಳೆಯದರ ವಾಸನೆಯೂ ಕೆಟ್ಟದ್ದರ ದೋಷವೂ ಒಟ್ಟಿಗೇ ಮಲಗುತ್ತವೆ. ಶಿರಸಿ, ಸಿದ್ದಾಪುರದ ಕಡೆಯ ಚಳಿಗಾಲದಲ್ಲಿ ಈ ಕೆಲಸವೇ ಬೇಕಿಲ್ಲ.

ಶಾಟ್ ಗ್ಲಾಸಿನಲ್ಲಿ ವಾಸನೆ ನಿಲ್ಲುವುದಿಲ್ಲ. ಬಾಯಿ ಕಿರಿದಾದ ಸಣ್ಣ ವೈನ್ ಗ್ಲಾಸು ಒಳ್ಳೆಯದು, ಇಲ್ಲದಿದ್ದರೆ ತೆಳು ಗಾಜಿನ ಯಾವ ಸಣ್ಣ ಲೋಟವಾದರೂ ಆದೀತು. ಸ್ಟೀಲ್ ಲೋಟ ಬೇಡ. ಮೀನು ಹುರಿಯುವ ಒಲೆಯಿಂದ ದೂರ ಕೂತುಕೊಳ್ಳಿ, ಅಗರಬತ್ತಿ ಹಚ್ಚಬೇಡಿ, ಸೆಂಟು ಹಾಕಿಕೊಂಡು ಬಂದವರನ್ನು ಮೇಜಿನ ಆಚೆ ತುದಿಗೆ ಕೂರಿಸಿ.

ಒಬ್ಬರು ಒಳಗೆ ಹೋಗಿ ಗ್ಲಾಸುಗಳ ತಳಕ್ಕೆ ಸಂಖ್ಯೆ ಅಂಟಿಸಿ 15 ಎಂ.ಎಲ್. ಸುರಿದು ತರಲಿ. ರುಚಿ ನೋಡುವವರಿಗೆ ಬಾಟಲಿ ಕಾಣಬಾರದು. ಹೆಸರು ಗೊತ್ತಿದ್ದರೆ ನಾಲಿಗೆ ದರವನ್ನೇ ಹೇಳುತ್ತದೆ. ಬಣ್ಣವೂ ಗುಟ್ಟು ಬಿಡುವುದರಿಂದ ಮೊದಲ ಸುತ್ತಿನಲ್ಲಿ ಬಣ್ಣವಿಲ್ಲದ ಎರಡನ್ನು ಮಾತ್ರ ಇಡಿ, ರೆಪೊಸಾದೊ ಆಮೇಲೆ. ನಾಲ್ಕು ಜನ ಕೂತರೂ ಪ್ರತಿ ಬಾಟಲಿಯಿಂದ ಖರ್ಚಾಗುವುದು 60 ಎಂ.ಎಲ್. ಮಾತ್ರ, ಒಬ್ಬರ ಹೊಟ್ಟೆಗೆ ಹೋಗುವುದು 45.

ಮೂಗನ್ನು ಗ್ಲಾಸಿನೊಳಗೆ ತುರುಕಬೇಡಿ. ಬಾಯಿ ಸ್ವಲ್ಪ ತೆರೆದು, ಗ್ಲಾಸಿನ ಅಂಚಿನ ಮೇಲಿನಿಂದ ಮೆಲ್ಲಗೆ ಎಳೆಯಿರಿ. ಮೊದಲ ಗುಟುಕು ಅರ್ಧ ಚಮಚದಷ್ಟೇ. ಅದು ನಾಲಿಗೆಯನ್ನು ಒಗ್ಗಿಸಲು, ಅದರ ಮೇಲೆ ತೀರ್ಪು ಕೊಡಬೇಡಿ. ಎರಡನೆಯ ಗುಟುಕನ್ನು ನಾಲಿಗೆಯ ಮೇಲೆ ಹರಡಿ, ನುಂಗಿ, ಮೂಗಿನಿಂದ ಉಸಿರು ಬಿಡಿ. ಆಗ ಬರುವ ವಾಸನೆಯೇ ನಿಜವಾದ ಪರೀಕ್ಷೆ. 100% ಅಗಾವೆಯ ಒಳ್ಳೆಯ ಬ್ಲಾಂಕೊದಲ್ಲಿ ಬೆಂದ ಗಡ್ಡೆಯ ಸಿಹಿ ಬಂದು, ಮೆಣಸಿನ ಖಾರ ನಾಲಿಗೆಯ ಬದಿಗಳಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತದೆ. ಮಿಶ್ರ ಬಗೆಯಲ್ಲಿ ಮೊದಲು ಸಿಹಿ ಅನಿಸಿ, ಆಮೇಲೆ ಬರೀ ಉರಿ ಉಳಿದು, ರುಚಿ ತಟ್ಟನೆ ಮುಗಿಯುತ್ತದೆ.

ಇದಾದ ಮೇಲೆ ಎರಡು ಹನಿ ಅಂಗೈಗೆ ಹಾಕಿಕೊಂಡು ಉಜ್ಜಿ, ಒಣಗಿದ ಮೇಲೆ ಮೂಸಿ. ಗಿಡದ ವಾಸನೆ ಉಳಿದರೆ ಒಳ್ಳೆಯ ಸೂಚನೆ. ಕೇಕಿನ ವೆನಿಲಾ ವಾಸನೆ ಗಾಢವಾಗಿ ಉಳಿದು ಅಂಗೈ ಅಂಟಂಟಾದರೆ ಸೇರಿಸಿದ ಸಿಹಿ ಇರಬಹುದು. ಇದರಿಂದ ಏನನ್ನೂ ಸಾಬೀತು ಮಾಡಲಾಗದು, ಸಂಶಯಕ್ಕೆ ಒಂದು ಆಧಾರ ಸಿಗುತ್ತದೆ.

ನಡುವೆ ಬಾಯಿ ಸರಿಮಾಡಿಕೊಳ್ಳಲು ನೀರು ಮತ್ತು ಸಪ್ಪೆ ಪಾವ್. ಉಪ್ಪಿನಕಾಯಿ, ಚಕ್ಕುಲಿ, ಬಂಗಡೆ ಎಲ್ಲ ಪರೀಕ್ಷೆ ಮುಗಿದ ಮೇಲೆ. ಪುಸ್ತಕದಲ್ಲಿ ವಾಸನೆ, ರುಚಿ, ಕೊನೆಗೆ ಉಳಿದದ್ದು ಇಷ್ಟನ್ನು ಒಂದೊಂದು ಸಾಲು ಬರೆಯಿರಿ. ಎಲ್ಲರೂ ಬರೆದು ಮುಗಿಸುವವರೆಗೆ ಯಾರೂ ಮಾತಾಡಬಾರದು. ಮೊದಲು ಮಾತಾಡಿದವರ ಅಭಿಪ್ರಾಯವೇ ಎಲ್ಲರದ್ದಾಗಿಬಿಡುತ್ತದೆ.

ಹೆಜ್ಜೆ 5: ಬೆರಕೆಯ ಪರೀಕ್ಷೆ

ಗುಟುಕಿನಲ್ಲಿ ಗೆದ್ದದ್ದೇ ಬೆರಕೆಯಲ್ಲೂ ಗೆಲ್ಲಬೇಕೆಂದಿಲ್ಲ. ಮಾರನೇ ವಾರ ಬೇರೆಯಾಗಿ ಕೂತು ಇದನ್ನು ಮಾಡಿ. ಪ್ರತಿ ಟಕೀಲಾಕ್ಕೂ ಒಂದೇ ಅಳತೆ: ಟಕೀಲಾ 30 ಎಂ.ಎಲ್., ತಾಜಾ ನಿಂಬೆರಸ 15, ಸಕ್ಕರೆ ಮತ್ತು ನೀರು ಸಮಸಮ ಹಾಕಿದ ಪಾಕ 10, ಮಂಜುಗಡ್ಡೆಯ ಜೊತೆ ಮುಚ್ಚಳವಿರುವ ಡಬ್ಬಿಯಲ್ಲಿ ಕುಲುಕಿ ಸೋಸಿ. ಇಬ್ಬಿಬ್ಬರು ಒಂದು ಗ್ಲಾಸು ಹಂಚಿಕೊಳ್ಳಿ. ನಿಂಬೆಹುಳಿಯ ಆಚೆಗೂ ಯಾವುದರ ವಾಸನೆ ಕೇಳಿಸುತ್ತದೋ ಅದು ಮಾರ್ಗರಿಟಾ ಎಂಬ ನಿಂಬೆಹುಳಿಯ ಕಾಕ್‌ಟೇಲಿಗೆ ಯೋಗ್ಯ. ಸಾಮಾನ್ಯವಾಗಿ 100% ಅಗಾವೆ ಬ್ಲಾಂಕೊ ಮುಂದೆ ಬರುತ್ತದೆ, ರೆಪೊಸಾದೊದ ನಯ ನಿಂಬೆಹುಳಿಗೆ ಸಿಕ್ಕಿ ಅಡಗುತ್ತದೆ. ಅದಕ್ಕೇ ರೆಪೊಸಾದೊವನ್ನು ಗುಟುಕಿಗೆ ಉಳಿಸಿ ಎನ್ನುವುದು.

ಹೆಜ್ಜೆ 6: ನಮ್ಮೂರ ಸಾಮಾನಿನಲ್ಲಿ

ಮಾರ್ಗರಿಟಾದ ಪ್ರಮಾಣಿತ ಅಳತೆ ಟಕೀಲಾ 50 ಎಂ.ಎಲ್., ಕಿತ್ತಳೆ ಲಿಕ್ಯೂರ್ (ಕಿತ್ತಳೆ ರುಚಿಯ ಸಿಹಿ ಮದ್ಯ) 20, ನಿಂಬೆರಸ 15. ಕಿತ್ತಳೆ ಲಿಕ್ಯೂರ್ ನಮ್ಮಲ್ಲಿ ಸಿಗುವುದು ಅಪರೂಪ, ಸಿಕ್ಕರೂ ದುಬಾರಿ. ಅದನ್ನು ಬಿಟ್ಟು ಅಗಾವೆಯ ಪಾಕ ಹಾಕುವ ರೂಢಿ ಸ್ಯಾನ್‌ಫ್ರಾನ್ಸಿಸ್ಕೊದ ಟಾಮೀಸ್ ಎಂಬ ರೆಸ್ಟೋರೆಂಟಿನಿಂದ ಬಂತು. ನಾವು ಆ ಜಾಗಕ್ಕೆ ಶಿರಸಿಯ ಜೋನಿ ಬೆಲ್ಲ ತರಬಹುದು. ಎರಡು ಪಾಲು ಜೋನಿ ಬೆಲ್ಲಕ್ಕೆ ಒಂದು ಪಾಲು ಬೆಚ್ಚಗಿನ ನೀರು ಬೆರೆಸಿ ಬಟ್ಟೆಯಲ್ಲಿ ಸೋಸಿ. ಟಕೀಲಾ 45, ನಿಂಬೆರಸ 20, ಈ ಪಾಕ 15. ಬೆಲ್ಲದ ಗಾಢ ರುಚಿ ರೆಪೊಸಾದೊಗೆ ಚೆನ್ನಾಗಿ ಕೂಡುತ್ತದೆ, ನಿಂಬೆಯ ಎದುರು ಅದಕ್ಕೆ ಬೇಕಾದ ಬಲ ಸಿಗುತ್ತದೆ. ಬ್ಲಾಂಕೊದಲ್ಲಿ ಮಾತ್ರ ಬೆಲ್ಲವೇ ಮೇಲಾಗಿಬಿಡುತ್ತದೆ, ಅದಕ್ಕೆ ಸಕ್ಕರೆ ಪಾಕವೇ ಇರಲಿ.

ಗ್ಲಾಸಿನ ಅಂಚಿಗೆ ಗೋಕರ್ಣದ ಹತ್ತಿರದ ಸಾಣಿಕಟ್ಟಾದ ಹರಳುಪ್ಪು. ನಮ್ಮ ಹವೆಗೆ ಅದು ಬೇಗ ನೀರೊಡೆಯುವುದರಿಂದ ಬಾಣಲೆಯಲ್ಲಿ ಹುರಿದು, ಆರಿಸಿ, ಒರಟಾಗಿ ಕುಟ್ಟಿಕೊಳ್ಳಿ. ಅಂಚಿನ ಅರ್ಧಕ್ಕೆ ಮಾತ್ರ ಹಚ್ಚಿ. ಉಪ್ಪು ಬೇಕೋ ಬೇಡವೋ ಎಂಬುದು ಕುಡಿಯುವವರ ಆಯ್ಕೆಯಾಗಿರಲಿ.

ಪಲೋಮಾ ಎಂಬ ಪಾನೀಯಕ್ಕೆ ಮೆಕ್ಸಿಕೊದಲ್ಲಿ ಗ್ರೇಪ್‌ಫ್ರೂಟ್ ಸೋಡಾ ಬಳಸುತ್ತಾರೆ. ನಮ್ಮಲ್ಲಿ ಚಕ್ಕೋತ ಇದೆ. ಬಿಳಿ ಪೊರೆ ಪೂರ್ತಿ ಬಿಡಿಸಿ ತೊಳೆಗಳನ್ನು ಹಿಂಡಿದ ರಸ 60, ಬ್ಲಾಂಕೊ 45, ನಿಂಬೆರಸ ಒಂದು ಚಮಚ, ಚಿಟಿಕೆ ಉಪ್ಪು, ಮೇಲಿನಿಂದ 60 ಎಂ.ಎಲ್. ಸೋಡಾ. ರವಾ ಹಚ್ಚಿ ಹುರಿದ ಬಂಗಡೆಯ ಜೊತೆ ಇದಕ್ಕಿಂತ ಹೊಂದುವುದು ನನಗೆ ಇನ್ನೊಂದು ಸಿಕ್ಕಿಲ್ಲ.

ಮುರುಗಲು (ಕೋಕಂ) ಬೇಸಿಗೆಯಲ್ಲಿ ತಾನಾಗಿಯೇ ಮನೆಯಲ್ಲಿರುತ್ತದೆ. ಬ್ಲಾಂಕೊ 45, ಮುರುಗಲು ಸಿರಪ್ 25, ಸೋಡಾ 90, ಚಿಟಿಕೆ ಉಪ್ಪು, ಜಜ್ಜಿದ ಹಸಿ ಕಾಳುಮೆಣಸು ಎರಡು. ಜೀರಿಗೆ ಹಾಕಿದ ಸಿರಪ್ ಬೇಡ, ಜೀರಿಗೆ ಬಂತೆಂದರೆ ಅಗಾವೆ ಹೋಯಿತು. ಮುರುಗಲಿನಲ್ಲೇ ಹುಳಿ ಇರುವುದರಿಂದ ನಿಂಬೆ ಬೇಕಿಲ್ಲ.

ಮಾವಿನ ಕಾಲದಲ್ಲಿ ಅಂಕೋಲೆಯ ಕರಿ ಈಶಾಡ ಹಿಂಡಿ ಬೆರೆಸುವ ಆಸೆ ಆಗುತ್ತದೆ. 2023ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಆ ಹಣ್ಣಿನ ಪರಿಮಳದ ಕೆಳಗೆ ಯಾವ ಟಕೀಲಾವೂ ಉಳಿಯುವುದಿಲ್ಲ. ಮಿಶ್ರ ಸಿಲ್ವರ್ ಬಾಟಲಿಯನ್ನು ಖರ್ಚು ಮಾಡಲು ಇದು ಸರಿಯಾದ ಜಾಗ.

ಬ್ಲಾಂಕೊವನ್ನು ಬೆರೆಸದೆ ಕುಡಿಯುವವರಿಗೆ ಹಲಿಸ್ಕೊದಲ್ಲಿ ಪಕ್ಕದಲ್ಲೊಂದು ಸಣ್ಣ ಗ್ಲಾಸು ಸಾಂಗ್ರಿತಾ ಇಡುತ್ತಾರೆ: ಕಿತ್ತಳೆ, ನಿಂಬೆ, ಮೆಣಸಿನ ಹುಳಿಖಾರದ ರಸ. ಒಂದು ಗುಟುಕು ಇದು, ಒಂದು ಗುಟುಕು ಅದು. ಆ ಕೆಲಸವನ್ನು ನಮ್ಮ ಅಪ್ಪೆಹುಳಿ ಇನ್ನೂ ಚೆನ್ನಾಗಿ ಮಾಡುತ್ತದೆ. ಮಾವಿನಕಾಯಿ ಬೇಯಿಸಿ ಕಿವುಚಿದ ತಿರುಳು ಎರಡು ಚಮಚಕ್ಕೆ 250 ಎಂ.ಎಲ್. ನೀರು, ಉಪ್ಪು, ಸೀಳಿದ ಹಸಿಮೆಣಸು ಒಂದು. ಅರ್ಧ ಗಂಟೆ ಬಿಟ್ಟು ಸೋಸಿ ತಣ್ಣಗೆ ಮಾಡಿ. ಒಗ್ಗರಣೆ ಹಾಕಬೇಡಿ, ಎಣ್ಣೆ ನಾಲಿಗೆಗೆ ಪೊರೆ ಕಟ್ಟಿ ಮದ್ಯದ ರುಚಿ ತಿಳಿಯದಂತೆ ಮಾಡುತ್ತದೆ.

ಇಡುವುದು, ಖರ್ಚು ಮಾಡುವುದು

ಬಾಟಲಿಯನ್ನು ನಿಲ್ಲಿಸಿಯೇ ಇಡಿ. ಮಲಗಿಸಿದರೆ ಗಟ್ಟಿ ಮದ್ಯ ಬಿರಡೆಯನ್ನು ತಿನ್ನುತ್ತದೆ. ಮಳೆಗಾಲದಲ್ಲಿ ಬಿರಡೆಯ ಮೇಲೆ ಬೂಸ್ಟು ಬರುವುದುಂಟು, ತೆರೆಯುವ ಮುನ್ನ ಒಣಬಟ್ಟೆಯಿಂದ ಒರೆಸಿ. ತೆರೆದ ಬಾಟಲಿ ಕೆಡುವುದಿಲ್ಲ, ಆದರೆ ಕಾಲು ಭಾಗಕ್ಕೆ ಇಳಿದ ಮೇಲೆ ಒಳಗಿನ ಗಾಳಿಗೆ ವಾಸನೆ ಮಂಕಾಗುತ್ತದೆ. ಉಳಿದದ್ದನ್ನು ಸಣ್ಣ ಗಾಜಿನ ಸೀಸೆಗೆ ತುಂಬಿಸಿ, ಇಲ್ಲವೇ ಮುಂದಿನ ಭಾನುವಾರದ ಪಲೋಮಾಕ್ಕೆ ಬಳಸಿ. ಕುಡಿದ ದಿನ ಗಾಡಿಯ ಕೀಲಿ ಮನೆಯಲ್ಲೇ ಇರಲಿ. 21 ತುಂಬದವರಿಗೆ ಈ ಮೇಜಿನಲ್ಲಿ ಅಪ್ಪೆಹುಳಿ, ಮುರುಗಲು ಪಾನಕ ಮಾತ್ರ.

ಒಂದೇ ಬಾಟಲಿಗೆ ದುಡ್ಡಿದ್ದರೆ 100% ಅಗಾವೆಯ ಬ್ಲಾಂಕೊ ತನ್ನಿ, ಗುಟುಕಿಗೂ ಬೆರಕೆಗೂ ಆಗುತ್ತದೆ. ಎರಡಕ್ಕಿದ್ದರೆ ಅದೇ ಮನೆಯ ರೆಪೊಸಾದೊ ಜೊತೆಗಿರಲಿ. ಮನೆ ತುಂಬ ಜನ ಸೇರುವ ದಿನ, ಹಣ್ಣಿನ ರಸ ಧಾರಾಳವಾಗಿರುವಾಗ, ಮಿಶ್ರ ಸಿಲ್ವರ್ ತಂದರೆ ಏನೂ ತಪ್ಪಿಲ್ಲ. ಗೋಲ್ಡ್ ಬಾಟಲಿಯನ್ನು ಕೊಳ್ಳಲು ಮಾತ್ರ ನನಗೆ ಯಾವ ಕಾರಣವೂ ಕಾಣುವುದಿಲ್ಲ.